ಕುರಿಯ ಹೆಜ್ಜೆಗೆ ಕೆಂಪು ಬಳಿದ ಕಚೇರಿಗೆ

ಕರಾವಳಿ ಹೀದರ್ ಬಯಲಿನ ಸಂರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಎಯ್ಲಿವ್‌ನ ಅರವತ್ತೆರಡು ಕುರಿಗಳು ಏಪ್ರಿಲ್ ಹದಿನೈದರೊಳಗೆ ಬಯಲು ಬಿಟ್ಟು ಹೋಗತಕ್ಕದ್ದು ಎಂದು ನೀವು ಹೊರಡಿಸಿದ ಆದೇಶ ಕಳೆದ ವಾರ ತಲುಪಿತು. ಕಾರಣವನ್ನೂ ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞತೆಗಳು. "ಸದರಿ ಪ್ರಾಣಿಗಳು ಅಸಹಜ ರೀತಿಯಲ್ಲಿ ಸಂಚರಿಸಿ, ಚಾರಣದ ಹಾದಿಯ ಕುರಿತು ತಪ್ಪು ಮಾಹಿತಿ ಒದಗಿಸಿರುವುದು ತನಿಖೆಯಿಂದ ಕಂಡುಬಂದಿದೆ." ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು. ಕುರಿ ಕದ್ದವನಿಗೆ ಶಿಕ್ಷೆಯಾದದ್ದು ಕೇಳಿಬಲ್ಲೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಕುರಿಗೇ ಗಡೀಪಾರು ಆದದ್ದನ್ನು ಎಪ್ಪತ್ತಾರು ವರ್ಷದಲ್ಲಿ ಇದೇ ಮೊದಲು ಕಂಡೆ. ಇದನ್ನು ನಿಮಗೆ ಮಾತ್ರ ಕಳಿಸದೆ ದ್ವೀಪದ ವಾರಪತ್ರಿಕೆಗೂ ಕೊಟ್ಟಿದ್ದೇನೆ. ನಿಮಗೆ ಮಾತ್ರ ಕಳಿಸಿದ ಹಿಂದಿನ ಎರಡು ಪತ್ರಗಳು ಇನ್ನೂ "ಪರಿಶೀಲನೆಯಲ್ಲಿ" ಇವೆ, ಪಾಪ, ಅವುಗಳ ಜೊತೆಗೆ ಮೂರನೆಯದೂ ಹೋಗಿ ಕೂರುವುದು ಬೇಡ ಅನಿಸಿತು.

ಕಚೇರಿಗೆ ಬರೆಯುವ ಭಾಷೆ ನನಗೆ ಬಾರದು. ಶಾಲೆ ಕಲಿತದ್ದು ಏಳು ವರ್ಷ, ಅದೂ ದಿನ ಬಿಟ್ಟು ದಿನ. ಮಿಕ್ಕಿದ್ದೆಲ್ಲ ಕೈಗೆ ಸಿಕ್ಕಿದ ಪುಸ್ತಕದಿಂದ, ದೂರದ ಬಂಧುಗಳಿಗೆ ಕಾಗದ ಬರೆದು ಬರೆದು ಬಂದದ್ದು. ಹಾಗಾಗಿ ನಡುನಡುವೆ ನಿಮ್ಮನ್ನು ತಂಗಿಯ ಮಗನಂತೆ ಗದರಿದರೆ ಬೇಸರಿಸಬೇಡಿ. ತಂಗಿಯ ಮಗ ಬೇಸರಿಸುವುದಿಲ್ಲ. ಅವನು ಉತ್ತರವನ್ನೂ ಬರೆಯುತ್ತಾನೆ.

ಈ ಕುರಿಗಳು ನಿಮಗೆ ಮಾಹಿತಿ ಕೊಡುತ್ತೇವೆಂದು ತಾವಾಗಿ ಬಂದವಲ್ಲ ಎಂಬುದನ್ನು ದಾಖಲೆಗೆ ತರಬೇಕು. ನಾಲ್ಕು ವರ್ಷದ ಹಿಂದೆ ನಿಮ್ಮ ಕಚೇರಿಯೇ ಹನ್ನೆರಡು ಕೊರಳಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ಕಳಿಸಿತು. ಕುರಿ ಎಲ್ಲೆಲ್ಲಿ ಮೇಯುತ್ತದೆ ಎಂದು ಉಪಗ್ರಹದಿಂದ ನೋಡುವುದಕ್ಕೆ. ನಾನು ಕೈಪಿಡಿ ಓದಿ ಎಯ್ಲಿವ್‌ಗೆ ವಿವರಿಸಿದೆ.

"ಇದನ್ನ ಕಟ್ಟಿದ್ರೆ ಕುರಿ ಎಲ್ಲಿದೆ ಅಂತ ಕ್ಷಣಕ್ಷಣಕ್ಕೂ ಗೊತ್ತಾಗುತ್ತಂತೆ ಕಣೋ."

"ಕುರಿಗೆ ಗೊತ್ತಿದೆಯಲ್ಲ ಅಕ್ಕ, ತಾನೆಲ್ಲಿದೀನಿ ಅಂತ. ಸಾಲದಾ?"

ಆದರೂ ಕಟ್ಟಿದ. ಸರ್ಕಾರದ ಮಾತಿಗೆ ಇಲ್ಲ ಅನ್ನುವವನಲ್ಲ ಅವನು. ಹನ್ನೆರಡರಲ್ಲಿ ಒಂದು ಪಟ್ಟಿ ಡೊಕ್ಕಾ ಎಂಬ ಮುದಿ ಹೆಣ್ಣುಕುರಿಯ ಕೊರಳಿಗೆ ಬಿತ್ತು. ಎಡವಟ್ಟಿನ ಬೇರು ಅಲ್ಲಿದೆ, ಆದ್ದರಿಂದ ಅವಳ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಕುರಿಗಳು ಕೊಟ್ಟಿಗೆ ಕಂಡವಲ್ಲ. ಹಿಮ ಬೀಳಲಿ, ಬಿರುಗಾಳಿ ಬೀಸಲಿ, ವರ್ಷವಿಡೀ ಬಯಲೇ ಮನೆ. ಚಳಿಗಾಲದಲ್ಲಿ ನೆಲಕ್ಕಂಟಿ ಬೆಳೆಯುವ ಕುರುಚಲು ಹೀದರ್‌ನ ಎಳೆಗುಡಿ, ಸಾಲದ್ದಕ್ಕೆ ಸಮುದ್ರ ಇಳಿದಾಗ ಬಂಡೆಗಂಟಿ ಉಳಿಯುವ ಕಡಲಪಾಚಿ. ಉಳಿದವು ಪಾಚಿ ತಿನ್ನುವುದು ಹಸಿವಿಗೆ, ಡೊಕ್ಕಾಳಿಗೆ ಅದು ಚಟ. ಬೇಸಿಗೆಯಲ್ಲೂ ಬಿಟ್ಟವಳಲ್ಲ. ನೀರು ಇಳಿಯುವ ಹೊತ್ತು ಅವಳಿಗೆ ಹೇಗೆ ತಿಳಿಯುತ್ತದೋ, ದಿನಕ್ಕೆ ಎರಡು ಇಳಿತ, ಎರಡಕ್ಕೂ ಹಾಜರು. ಗುಡ್ಡದಿಂದ ನೆಟ್ಟಗೆ ಇಳಿದು, ಇಳಿತದಲ್ಲಿ ಮಾತ್ರ ಮೇಲೇಳುವ ಕಲ್ಲುಮರಳಿನ ಕಿರಿದಾದ ಪಟ್ಟೆ ದಾಟಿ, ಆಚೆಯ ಬಂಡೆದಿಬ್ಬ ಹತ್ತಿ, ಹೊಟ್ಟೆ ತುಂಬಿಸಿಕೊಂಡು, ನೀರು ಏರುವುದರೊಳಗೆ ವಾಪಸು. ಪಟ್ಟಿ ಕಟ್ಟಿದ ಮಿಕ್ಕ ಹನ್ನೊಂದು ಕುರಿಗಳು ದಿನಕ್ಕೊಂದು ದಿಕ್ಕಿಗೆ ಚದುರಿ ಮೇಯುತ್ತವೆ. ಡೊಕ್ಕಾ ಮಾತ್ರ ಸರ್ಕಾರಿ ನೌಕರರ ಹಾಗೆ ಒಂದೇ ದಾರಿ, ಒಂದೇ ಕೆಲಸ. ಹೊತ್ತಿಗೆ ಸರಿಯಾಗಿ ಎದ್ದು ಹೊರಡುವುದೊಂದನ್ನು ಬಿಟ್ಟರೆ ಎಲ್ಲ ನಿಮ್ಮಂತೆಯೇ ಅನ್ನಬಹುದಿತ್ತು, ಆದರೆ ನೀವೂ ಸಂಜೆ ಹೊತ್ತಿಗೆ ಸರಿಯಾಗಿ ಕುರ್ಚಿಯಿಂದ ಎದ್ದು ಹೊರಡುತ್ತೀರೆಂದು ಕೇಳಿದ್ದೇನೆ.

ಎರಡು ವರ್ಷದ ಹಿಂದೆ, ಹೀದರ್ ಹೂ ಕಂದಿದ ಮೇಲೆ, ನಿಮ್ಮ ಸರ್ವೆಯ ಹುಡುಗಿ ಬಂದಳು. ಒಳ್ಳೆಯ ಮಗು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟಳು, ಕಂದು ಚೀಸ್ ಹಾಕಿದ ವಾಫಲ್ ಮೂರು ತಿಂದಳು, ತಿಂದ ತಟ್ಟೆ ತೊಳೆದಳು. ಅಡುಗೆಮನೆಯ ಮೇಜಿನ ಮೇಲೆ ಪರದೆಯೊಂದನ್ನು ನಿಲ್ಲಿಸಿ ನಮ್ಮ ಬಯಲನ್ನು ತೋರಿಸಿದಳು. ಅದರ ಮೇಲೆ ಹನ್ನೊಂದು ಗೆರೆಗಳು ಜೇಡರಬಲೆಯಂತೆ ಅಲ್ಲಲ್ಲಿ ಹರಡಿದ್ದವು. ಒಂದು ಗೆರೆ ಮಾತ್ರ ದೋಣಿ ಕಟ್ಟುವ ಹಗ್ಗದಷ್ಟು ದಪ್ಪ.

"ಎಯ್ಲಿವ್, ಈ ದಾರಿ ಬಳಕೆಯಲ್ಲಿದೆಯಾ?" ಎಂದಳು.

"ಇದೆ."

"ದಿನಾ?"

"ದಿನಕ್ಕೆರಡು ಸಲ."

"ಕಾಲಿಗೆ ಸಿಗೋ ಹಾಗೆ ಸವೆದಿದೆಯಾ?"

"ಚೆನ್ನಾಗಿ ಸವೆದಿದೆ."

ಹುಡುಗಿ ಸಂತೋಷದಿಂದ ಬರೆದುಕೊಂಡು ಕೊನೆಯ ದೋಣಿಗೆ ಹೊರಟಳು. ಅವಳು ಗೇಟು ದಾಟಿದ ಮೇಲೆ ನಾನು ತಮ್ಮನನ್ನು ಹಿಡಿದುಕೊಂಡೆ.

"ಅದು ಡೊಕ್ಕಾ ಪಾಚಿ ತಿನ್ನೋಕೆ ಹೋಗೋ ದಾರಿ ಅಂತ ಯಾಕೋ ಹೇಳ್ಲಿಲ್ಲ?"

"ಯಾರ್ದು ಅಂತ ಕೇಳ್ಲಿಲ್ವಲ್ಲ."

"ನೀನಾಗೇ ಹೇಳಿದ್ರೆ ಬಾಯಿ ಸವೀತಿತ್ತಾ?"

"ಓದಿದ ಹುಡುಗಿ ಅಕ್ಕ. ಕುರಿ ಕೊರಳಿಂದ ಬಂದ ಗೆರೆ ಕುರಿದೇ ಅಂತ ಅವಳಿಗೆ ನಾನು ಹೇಳೋದು ಚೆನ್ನಾಗಿರುತ್ತಾ? ಬೇಜಾರು ಮಾಡ್ಕೋತಾಳೆ. ನೀನೂ ಅಲ್ಲೇ ಇದ್ದೆ, ನೀನ್ಯಾಕೆ ಹೇಳ್ಲಿಲ್ಲ?"

ಇಷ್ಟು ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇನೆ. ನಾನೂ ಒಲೆಯ ಮುಂದೆ ವಾಫಲ್ ತಿರುವಿಹಾಕುತ್ತ ಬಾಯಿ ಮುಚ್ಚಿಕೊಂಡಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಮರ್ಯಾದೆ, ಕೇಳದ್ದನ್ನು ಹೇಳುವುದು ಜಂಬ ಎಂದು ನಮ್ಮನ್ನು ಬೆಳೆಸಿದ್ದಾರೆ. ಒಳನಾಡಿನವರು ನಗುವುದುಂಟು: ದ್ವೀಪದವನ ಮನೆಗೆ ಬೆಂಕಿ ಬಿದ್ದಿತ್ತಂತೆ, ಪಕ್ಕದವನು ಬಂದು "ಒಳಗೆ ಬೆಚ್ಚಗಿದೆಯಾ?" ಅಂದನಂತೆ, ಇವನು "ದೂರೋ ಹಾಗಿಲ್ಲ" ಅಂದನಂತೆ. ಆ ಜಾತಿ ನಾವು. ಆದರೆ ಮಾನ್ಯರೇ, ಆ ಹುಡುಗಿ ತಂದ ಗೆರೆಯನ್ನು ನಿಮ್ಮ ಕಚೇರಿಯಲ್ಲಿ ಏಳು ಜನ ನೋಡಿದ್ದಾರೆ, ಏಳು ಸಹಿಗಳಿವೆ. ಗೆರೆ ಸಮುದ್ರದೊಳಗೆ ಹೋಗಿ ನಿಂತಿದೆಯಲ್ಲ, ಇದನ್ನು ನಡೆದವನಿಗೆ ಕಾಲೆಷ್ಟು ಎಂದು ಏಳು ಜನರಲ್ಲಿ ಒಬ್ಬರಿಗಾದರೂ ಕೇಳಬೇಕು ಅನಿಸಲಿಲ್ಲವೇ? ಅಥವಾ ನಿಮ್ಮ ಕಚೇರಿಯವರೂ ನಮ್ಮ ದ್ವೀಪದವರೇ ಏನು?

ಈ ಬಯಲಿಗೆ ದಾರಿಯೇ ಇರಲಿಲ್ಲವೆಂದಲ್ಲ. ಹೊರೆದಾರಿ ಇತ್ತು. ನಮ್ಮ ಅಮ್ಮ, ಅವಳ ಅತ್ತೆ, ಅದಕ್ಕೂ ಹಿಂದಿನವರು ಚಳಿಗಾಲದ ಮೇವಿಗೆ ಕೊಯ್ದ ಹೀದರನ್ನು, ಒಲೆಗೆ ಕಡಿದ ಜೌಗುಮಣ್ಣಿನ ಹೆಂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ದಾರಿ. ನಕ್ಷೆಯಲ್ಲಿ ನೋಡಿದರೆ ಕುಡಿದವನು ನಡೆದಂತಿದೆ, ನಿಜ. ಮೊದಲ ತಿರುವು ಜೌಗನ್ನು ತಪ್ಪಿಸುವುದಕ್ಕೆ. ಎರಡನೆಯದು ವಾಯವ್ಯದ ಗಾಳಿಗೆ ಗುಡ್ಡದ ಮರೆ ಸಿಗಲೆಂದು. ಆಮೇಲಿನದು ಬುಗ್ಗೆಯ ನೀರು ಕುಡಿಯಲು. ಇನ್ನೂರು ಹೆಜ್ಜೆಗೊಂದು ಹೊರೆಗಲ್ಲು, ಸೊಂಟದೆತ್ತರ, ಹೊರೆ ಬಿಚ್ಚದೆ ಹಾಗೇ ಒರಗಿ ಉಸಿರು ಬಿಡುವುದಕ್ಕೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲು ಮಂಜಿನಲ್ಲೂ ಕಾಣುತ್ತದೆ. ಬಸುರಿಯರು, ಮುದುಕಿಯರು, ಮಂಡಿನೋವಿನವರು ನಡೆದು ನಡೆದು ಹದಗೊಳಿಸಿದ ದಾರಿ ಅದು. ನಿಮ್ಮ ಪರದೆಯ ಮೇಲೆ ಅದರ ಸುಳಿವಿಲ್ಲ. ಇರುವುದಾದರೂ ಹೇಗೆ? ನಮ್ಮಮ್ಮನ ಕೊರಳಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ.

ಕಳೆದ ಜೂನಿನಲ್ಲಿ ಆ ದಾರಿಯ ಬಾಯಿಗೆ ಹಗ್ಗ ಕಟ್ಟಿ "ಸಸ್ಯ ಪುನಶ್ಚೇತನ ವಲಯ, ಪ್ರವೇಶವಿಲ್ಲ" ಎಂಬ ಫಲಕ ನೆಟ್ಟಿರಿ. ಅದೇ ವಾರ ಡೊಕ್ಕಾಳ ದಾರಿಗೆ ರಿಬ್ಬನ್ ಕತ್ತರಿಸಿದಿರಿ. ಅಲ್ಲಿನ ಫಲಕದಲ್ಲಿ "ಕುಟುಂಬ ಸಮೇತ ನಡೆಯಬಹುದಾದ ಸುಲಭ ಹಾದಿ, ನಾಲ್ಕು ಕಿಲೋಮೀಟರ್" ಎಂದಿತ್ತು. ಇಪ್ಪತ್ತು ಹೆಜ್ಜೆಗೊಂದು ಬಂಡೆಗೆ ಕೆಂಪು ಗುರುತು. ಬಣ್ಣ ಬಳಿಯಲು ಬಂದವನು ಇಳಿತದ ಹೊತ್ತಿಗೆ ಬಂದಿದ್ದ, ಆಚೆಯ ದಿಬ್ಬದವರೆಗೂ ಶ್ರದ್ಧೆಯಿಂದ ಬಳಿದು ಹೋದ. ನಡುವಿನ ಮೂರು ಗುರುತುಗಳನ್ನು ದಿನಕ್ಕೆರಡು ಸಲ ಮೀನುಗಳು ಓದುತ್ತವೆ. ನಾನು ಅವತ್ತೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡವನ ದನಿ ಎಳೆಯದಾಗಿತ್ತು.

"ಹಾದಿ ದತ್ತಾಂಶದ ಆಧಾರದ ಮೇಲೇ ಮಾಡಿರೋದು, ಬೋರ್ಗ್ನಿ ಅವರೇ. ಸಾವಿರಾರು ಸಲ ಬಳಕೆಯಾಗಿರೋ ದಾರಿ ಅದು."

"ಹೌದಪ್ಪ, ಬಳಸಿದವಳ ಪರಿಚಯ ನಂಗಿದೆ. ಅವಳು ಕುರಿ. ಅಲ್ಲಿ ಆರು ಗಂಟೆ ನೀರು ನಿಲ್ಲುತ್ತೆ. ನಿಮ್ಮ ದತ್ತಾಂಶಕ್ಕೆ ಈಜು ಬರುತ್ತಾ?"

"ನಿಮ್ಮ ಅಭಿಪ್ರಾಯ ದಾಖಲಿಸ್ಕೊಂಡಿದ್ದೀನಿ."

ಉಬ್ಬರ ಬರುತ್ತದೆ ಎಂಬುದು ನನ್ನ ಅಭಿಪ್ರಾಯ ಎಂದು ಅವತ್ತು ತಿಳಿಯಿತು. ಚಂದ್ರನಿಗೂ ಹೇಳಿಬಿಡಬೇಕು, ಅವನು ಬೇರೇನೋ ಅಂದುಕೊಂಡಿದ್ದಾನೆ.

ಆಗಸ್ಟಿನಲ್ಲಿ ಆಗಬೇಕಾದ್ದು ಆಯಿತು. ಪಟ್ಟಣದಿಂದ ಒಂದು ಸಂಸಾರ ಬಂದಿತ್ತು. ಆರ್ವಿಡ್ ಎಂಬ ಮೇಷ್ಟರು, ಹೆಂಡತಿ, ಚಿಕ್ಕ ಇಬ್ಬರು ಹೆಣ್ಣುಮಕ್ಕಳು, ಹೆಂಡತಿಯ ತಾಯಿ ರಾಗ್ನಾ. ನಿಮ್ಮ ಕೆಂಪನ್ನು ನಂಬಿ ದಿಬ್ಬದವರೆಗೂ ನಡೆದರು, ಡಬ್ಬಿ ಬಿಚ್ಚಿ ರೊಟ್ಟಿ ತಿನ್ನಲು ಕೂತರು. ಅಲ್ಲಿ ಡೊಕ್ಕಾ ಪಾಚಿ ತಿನ್ನುತ್ತಿದ್ದಳು. ಮಕ್ಕಳಿಗೆ ಖುಷಿ. ಸ್ವಲ್ಪ ಹೊತ್ತಿಗೆ ಅವಳು ತಲೆಯೆತ್ತಿ ಮೂಸಿ, ಇವರನ್ನೊಮ್ಮೆ ನೋಡಿ, ದಡದತ್ತ ಸರಸರ ನಡೆದುಬಿಟ್ಟಳು. ಇವರು ಕೂತೇ ಇದ್ದರು. ತಿರುಗಿ ನೋಡುವಾಗ ಹಿಂದಿನ ಕಲ್ಲುಮರಳು ಕಾಣೆಯಾಗಿತ್ತು. ಅಲ್ಲಿ ನೀರು ಮೊಣಕಾಲಿಗಲ್ಲ, ಎದೆಗೆ ಬರುತ್ತದೆ, ಸೆಳೆತವೂ ಇದೆ. ಬಲೆ ಎತ್ತಲು ಹೋಗಿದ್ದ ಎಯ್ಲಿವ್ ಕೂಗು ಕೇಳಿ ದೋಣಿ ತಿರುಗಿಸದಿದ್ದರೆ, ಆ ಮಕ್ಕಳು ಗಾಳಿಗೆ ಸಿಕ್ಕಿ ಎಷ್ಟು ಹೊತ್ತು ನಡುಗುತ್ತಿದ್ದವೋ. ಆರ್ವಿಡ್ ಆಗಲೇ ದೊಡ್ಡವಳನ್ನು ಹೆಗಲಿಗೇರಿಸಿಕೊಂಡು ನೀರಿಗೆ ಕಾಲಿಟ್ಟಿದ್ದನಂತೆ.

ನಮ್ಮ ಅಡುಗೆಮನೆಯಲ್ಲಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಎಲ್ಲರೂ ಕೂತಿದ್ದಾಗ ಆರ್ವಿಡ್ ಪ್ರಾಮಾಣಿಕವಾಗಿ ಹೇಳಿದ, "ಕುರಿ ಎದ್ದು ಹೋಗ್ತಾ ಇದ್ದಿದ್ದು ನಾವು ನೋಡಿದ್ವಿ. ಮಕ್ಕಳು ಟಾಟಾ ಮಾಡಿದ್ರು. ನಾನು ಫೋಟೋ ತೆಗ್ದೆ."

ಅವನ ಅತ್ತೆ ರಾಗ್ನಾ ಕಾಫಿ ಲೋಟ ಕೆಳಗಿಟ್ಟರು. "ಅದು ಹೋಗೋವಾಗ ನಿನ್ನ ಮುಖ ನೋಡ್ಕೊಂಡೇ ಹೋಯ್ತಪ್ಪ. ಬರ್ತೀಯಾ ಅಂತ ಕೇಳ್ದ ಹಾಗಿತ್ತು. ನಾನು ಏಳೋಣ ಅಂದೆ. ಇನ್ನೂ ಎರಡು ಗುರುತು ಮುಂದಿದೆ ಅಂದೆ ನೀನು."

"ಫಲಕದಲ್ಲಿ ಹಾಗೇ ಇತ್ತಲ್ಲ ಅತ್ತೆ."

"ಫಲಕ ಬರೆದೋನು ದಡದಲ್ಲಿ ಕೂತು ಬರೆದಿದ್ದಾನೆ. ಕುರಿ ಅಲ್ಲಿತ್ತು."

ಆರ್ವಿಡ್ ನಿಮಗೆ ದೂರು ಬರೆದದ್ದು ಫಲಕದ ಮೇಲೆ, ಕುರಿಯ ಮೇಲಲ್ಲ. ಅದರ ಪ್ರತಿ ನನಗೂ ಕಳಿಸಿದ್ದಾನೆ. ಆರು ತಿಂಗಳು ತನಿಖೆ ನಡೆಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆ ವೈದ್ಯನಿಗಾದರೂ ಬರೆ ಎಳೆಯುವಾಗ ಎಮ್ಮೆಯ ಮುಖ ನೋಡುವ ಕಷ್ಟವಿತ್ತು. ನೀವು ಕೂತಲ್ಲೇ ತೀರ್ಪು ಕೊಟ್ಟಿರಿ. ಹಾದಿ ಈಗಲೂ ತೆರೆದೇ ಇದೆ. ಫಲಕದ ಅಡಿಯಲ್ಲಿ ಇರುವೆ ಸಾಲಿನಷ್ಟು ಅಕ್ಷರದಲ್ಲಿ "ಉಬ್ಬರದ ವೇಳೆ ಗಮನಿಸಿ" ಎಂದು ಸೇರಿದೆ. ಹೊರೆದಾರಿಯ ಹಗ್ಗ ಹಾಗೇ ಇದೆ. ಹೋಗಬೇಕಾದದ್ದು ಕುರಿ ಮಾತ್ರ, ಅದೂ ಮೂರು ವರ್ಷ, "ಹೊಸ ದತ್ತಾಂಶ ಸಂಗ್ರಹ ಮುಗಿಯುವವರೆಗೆ". ಕುರಿಯಿಲ್ಲದ ಬಯಲಿನಲ್ಲಿ ಯಾರ ಕೊರಳಿಗೆ ಪಟ್ಟಿ ಕಟ್ಟುತ್ತೀರಿ, ಕಡಲಹಕ್ಕಿಗಳಿಗೋ? ಹಾಗಾದರೆ ಮುಂದಿನ ಹಾದಿ ಯಾವುದೆಂದು ನೆನೆದೇ ತಲೆ ಸುತ್ತುತ್ತದೆ.

ಈಗ ನಗು ಬದಿಗಿಟ್ಟು ಒಂದು ಮಾತು. ಈ ಬಯಲು ದೇವರು ಮಾಡಿಟ್ಟದ್ದು, ಅದಕ್ಕೆ ಬೇಲಿ ಹಾಕಿದರೆ ಸಾಕು ಎಂದು ನೀವು ತಿಳಿದಿರುವಂತಿದೆ. ದೇವರು ಇಲ್ಲಿ ಮಾಡಿದ್ದು ಕಾಡು. ಬಯಲು ಮಾಡಿದ್ದು ಬೆಂಕಿ ಮತ್ತು ಕುರಿ. ಚಳಿಗಾಲದ ಕೊನೆಗೆ, ನೆಲ ಒಳಗೆ ಹೆಪ್ಪುಗಟ್ಟಿರುವಾಗ, ಮೇಲೆ ಗಿಡ ಒಣಗಿರುವಾಗ, ಗಾಳಿ ಹದವಾಗಿರುವ ದಿನ ನೋಡಿ ಊರವರೆಲ್ಲ ಸೇರಿ ಒಂದೊಂದೇ ತುಂಡನ್ನು ಸುಡುತ್ತೇವೆ. ಅಂಚಿನಲ್ಲಿ ನಿಂತು ಒದ್ದೆ ಗೋಣಿಯಿಂದ ಬಡಿಯುತ್ತೇವೆ. ಸವೆದ ದಾರಿಗಳೇ ಬೆಂಕಿಗೆ ಗಡಿ. ಮುದಿ ಹೀದರ್ ಬೂದಿಯಾಗಿ ಎಳೆಯದು ಏಳುತ್ತದೆ, ಕುರಿ ಅದನ್ನು ಮೇದು ಚಿಕ್ಕದಾಗಿ ಇಡುತ್ತದೆ, ಜೂನಿಪರ್ ಮತ್ತು ಬರ್ಚ್ ಸಸಿಗಳನ್ನು ತಲೆಯೆತ್ತಲು ಬಿಡುವುದಿಲ್ಲ. ನಿಮ್ಮ ಕಚೇರಿಯ ಗೋಡೆಯ ಮೇಲೆ ನೇರಳೆ ಹೂವಿನ ದೊಡ್ಡ ಚಿತ್ರವಿದೆಯಲ್ಲ, ಅದು ಎಂಟು ವರ್ಷದ ಹಿಂದೆ ಎಯ್ಲಿವ್ ಸುಟ್ಟ ತುಂಡು. ಮೂರು ವರ್ಷ ಕುರಿ ಹೋದರೆ ಹೀದರ್ ಕಟ್ಟಿಗೆಯಾಗುತ್ತದೆ, ಸೊಂಟದೆತ್ತರ ಜೂನಿಪರ್ ಏಳುತ್ತದೆ, ಆಮೇಲೆ ಬೆಂಕಿ ಹಚ್ಚಲು ನಮಗೇ ಧೈರ್ಯ ಬರುವುದಿಲ್ಲ. ಆಗ ನೀವು ಕಾಯುವುದು ಏನನ್ನು, ಚಿತ್ರವನ್ನೇ?

ಕುರಿಯನ್ನು ಮೂರು ವರ್ಷ ಬಿಟ್ಟು ಮತ್ತೆ ತಂದರಾಯಿತು ಎನ್ನುತ್ತೀರಿ. ಕುರಿ ಕುರ್ಚಿಯಲ್ಲ, ಮಾನ್ಯರೇ. ಜೌಗೆಲ್ಲಿದೆ, ಗಾಳಿಗೆ ಮರೆ ಎಲ್ಲಿದೆ, ಹಿಮದಡಿ ಹೀದರ್ ಎಲ್ಲಿ ಸಿಗುತ್ತದೆ, ನೀರು ಯಾವಾಗ ಏರುತ್ತದೆ, ಇದನ್ನು ತಾಯಿ ಮರಿಗೆ ನಡೆದು ತೋರಿಸುತ್ತದೆ. ಒಂದು ತಲೆಮಾರು ತಪ್ಪಿದರೆ ಹೊಸ ಕುರಿಗೆ ಈ ಬಯಲು ನಿಮ್ಮ ಸರ್ವೆಯ ಹುಡುಗಿಗೆ ಕಂಡಷ್ಟೇ ಕಾಣುತ್ತದೆ. ಒಳನಾಡಿನ ಕೊಟ್ಟಿಗೆಯವರನ್ನೆಲ್ಲ ಕೇಳಿದ್ದಾಯಿತು. ಸೂರಿನಡಿ ನಿಲ್ಲದ ಈ ಒರಟು ಜಾತಿಯನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆದೇಶ ಬಂದ ದಿನ ಎಯ್ಲಿವ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. "ಕುರಿ ಸುಳ್ಳು ಹೇಳ್ತಂತೆ ಅಕ್ಕ," ಅಂದ. ಅಷ್ಟೇ. ಈ ವರ್ಷ ಬಯಲಿಗೆ ಬೆಂಕಿ ಇಟ್ಟಿಲ್ಲ. ಹದವಾದ ನಾಲ್ಕು ದಿನ ಬಂದು ಹೋದವು, ನೆರೆಯವರು ಗೋಣಿ ಹಿಡಿದು ಗೇಟಿನವರೆಗೆ ಬಂದು ಅವನ ಮುಖ ನೋಡಿ ತಿರುಗಿದರು. ಮೊನ್ನೆ ಮಂಗಳವಾರ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅರವತ್ತೆರಡು. ಹೌದು, ಹೆಚ್ಚಿನವು ಗಬ್ಬ. ಮೇ ತಿಂಗಳಲ್ಲಿ ಮರಿ ಹಾಕೋವು." ಕಸಾಯಿಖಾನೆಯ ದೋಣಿ ಏಪ್ರಿಲ್ ಹತ್ತಕ್ಕೆ ಬರುತ್ತದೆ. ಎಪ್ಪತ್ತೊಂದು ವರ್ಷದವನು ಮೂರು ವರ್ಷ ಕಾದು ಹೊಸ ಮಂದೆ ಕಟ್ಟುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು, ಊಟದ ಮೇಜಿನಲ್ಲಿ ನಾವು ಹವೆಯ ವಿಷಯ ಮಾತಾಡುತ್ತೇವೆ.

ಹಾಗಾಗಿ ನಾನು ಕೇಳುವುದು ಇಷ್ಟು. ಕ್ಷಮೆ ಬೇಡ, ಅದನ್ನು ಇಡಲು ನಮ್ಮಲ್ಲಿ ಜಾಗವಿಲ್ಲ. ಹೊಸ ಸಮಿತಿ ಬೇಡ. ಕೆಂಪು ಗುರುತುಗಳನ್ನು ಕೆರೆದು ಹಾಕಿಸಿ, ಹೊರೆದಾರಿಯ ಹಗ್ಗ ಬಿಚ್ಚಿಸಿ. ಕೈ ಬಿಡುವಿಲ್ಲದಿದ್ದರೆ ಹೇಳಿ, ಎರಡೂ ಕೆಲಸ ನಾವೇ ಮಾಡುತ್ತೇವೆ. ಆದರೆ "ಕುರಿಗಳು ಬಯಲಲ್ಲೇ ಇರಲಿ" ಎಂಬ ಮೂರು ಪದ ಮಾತ್ರ ನೀವೇ ಬರೆಯಬೇಕು, ಮುದ್ರೆ ಒತ್ತಿ. ನಮ್ಮ ದ್ವೀಪಕ್ಕೆ ಅಂಚೆ ಬರಲು ಮೂರು ದಿನ ಬೇಕು. ಏಪ್ರಿಲ್ ಆರರೊಳಗೆ ಹಾಕಿಬಿಡಿ.

ಅದಾಗದು ಎಂದಾದರೆ ಹತ್ತನೇ ತಾರೀಖು ಬೆಳಿಗ್ಗೆ ನೀವೇ ಬನ್ನಿ, ಗಟ್ಟಿ ಕೈಗವಸು ತನ್ನಿ. ಕೊಂಬು ಹಿಡಿದು ಒಂದೊಂದನ್ನೇ ಹಲಗೆಯ ಮೇಲೆ ನಡೆಸಿ ದೋಣಿಗೆ ಹತ್ತಿಸಬೇಕಾಗುತ್ತದೆ. ಎಯ್ಲಿವ್‌ನನ್ನು ಕೇಳಿದೆ, ತಾನೇ ಹತ್ತಿಸುತ್ತೇನೆ ಅಂದ. ಅವನು ಹುಟ್ಟಿದಾಗ ಎತ್ತಿಕೊಂಡವಳು ನಾನು. ಅವನಿಂದಾಗುವುದಿಲ್ಲ.

ಇಂತಿ,
ಆರನೇ ತಾರೀಖಿನಿಂದ ಅಂಚೆದೋಣಿ ಬಂದಾಗಲೆಲ್ಲ ಧಕ್ಕೆಯಲ್ಲಿ ನಿಂತಿರಲಿರುವ,
ಬೋರ್ಗ್ನಿ